ಮಳೆಗಾಲಕ್ಕೆ ಮೊದಲು ಮನೆ ಒಮ್ಮೆ ಸುತ್ತಿ ನೋಡಿ: ಕಾರವಾರ, ಕುಮಟಾ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂತು ಅಂದ್ರೆ ನನ್ನ ವಾಟ್ಸಾಪಿಗೆ ಗೋಡೆ ಫೋಟೋ ಬರೋಕೆ ಶುರು. ಒಬ್ಬರ ಸ್ಲ್ಯಾಬ್ ಬಿರುಕು, ಇನ್ನೊಬ್ಬರ ಹಂಚಿನ ಮಾಡು, ಮತ್ತೊಬ್ಬರ ಮನೆ ಹಿಂದಿನ ಧರೆ (ಕಡಿದ ಮಣ್ಣಿನ ದಿಬ್ಬ), ಕೆಳಗೊಂದು ಸಾಲು "ಇದು ಡೇಂಜರ್ರಾ ಅಣ್ಣ?" ಸಿವಿಲ್ ಡಿಪ್ಲೊಮಾ ಮುಗಿಸಿ ಇಪ್ಪತ್ತು ವರ್ಷ ಕಾರವಾರ, ಅಂಕೋಲಾ, ಕುಮಟಾ ಅಂತ ಸೈಟ್ ಮೇಲೆ ನಿಂತವ ನಾನು, ಮೂಲಮನೆ ಶಿರಸಿ ಹತ್ರ, ಹಾಗಾಗಿ ಸಮುದ್ರದ ಉಪ್ಪುಗಾಳಿಯೂ ಗೊತ್ತು ಘಟ್ಟದ ಮೇಲಿನ ಹಾವಸೆಯೂ ಗೊತ್ತು. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಮನೆ ತಪಾಸಣೆ ಯಾವಾಗ ಮಾಡ್ಬೇಕು?

ವರ್ಷಕ್ಕೆ ಎರಡು ಸಲ. ಒಂದು ಮೇ ಮೊದಲ ಎರಡು ವಾರದಲ್ಲಿ, ರಿಪೇರಿ ಮಾಡಿಸೋಕೆ. ರೋಹಿಣಿ ಮಳೆ ಶುರುವಾದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿದ್ರೆ ಅವರು ಫೋನ್ ಎತ್ತೋದೇ ಇಲ್ಲ, ಎತ್ತಿದ್ರೂ "ನಾಳೆ ಬರ್ತೆ" ಅಂತಾರೆ, ಆ ನಾಳೆ ದೀಪಾವಳಿ ನಂತರ ಬರ್ತದೆ. ಇನ್ನೊಂದು ಸಲ ಜೂನ್ ಕೊನೆಗೆ, ಮಳೆ ಜೋರಾಗಿ ಹೊಯ್ತಾ ಇರೋವಾಗಲೇ, ಟಾರ್ಚ್ ಹಿಡ್ಕೊಂಡು. ಈ ಎರಡನೇದನ್ನ ಯಾರೂ ಮಾಡೋದಿಲ್ಲ, ಆದ್ರೆ ನನ್ನ ಕೇಳಿದ್ರೆ ಅದೇ ಮುಖ್ಯ. ನಮ್ಮ ಕರಾವಳಿಗೆ ವರ್ಷಕ್ಕೆ 3000 ಎಂಎಂ ಆಸುಪಾಸು ಮಳೆ, ಅದ್ರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳೋದು. ಬೇಸಿಗೆಲಿ ಮನೆ ಎಲ್ಲಾ ಚಂದವೇ ಕಾಣ್ತದೆ. ಅದರ ಬಂಡವಾಳ ಹೊರಗೆ ಬೀಳೋದು ಮಳೇಲಿ.

ಎಲ್ಲಿಂದ ಶುರು ಮಾಡೋದು? ನಂಗೆ ಇಂಜಿನಿಯರಿಂಗ್ ಏನೂ ಗೊತ್ತಿಲ್ಲ.

ಗೊತ್ತಿರಬೇಕು ಅಂತಿಲ್ಲ. ನೀರಿನ ಹಿಂದೆ ಹೋಗಿ ಸಾಕು. ಮಾಡಿನ ಮೇಲೆ ಬಿದ್ದ ನೀರು ಎಲ್ಲಿಗೆ ಇಳೀತದೆ, ಅಂಗಳದಿಂದ ಯಾವ ಕಡೆ ಹರೀತದೆ, ಗಟಾರ ಎಲ್ಲಿ ಕಟ್ಟಿದೆ, ಪಕ್ಕದವರ ಅಂಗಳದ ನೀರು ನಿಮ್ಮ ಪಾಗಾರಕ್ಕೆ (ಕಂಪೌಂಡ್ ಗೋಡೆಗೆ) ಬಂದು ನಿಲ್ತದಾ, ಇಷ್ಟು ನೋಡಿ. ಕರೆಂಟ್ ಶಾಕ್, ಸ್ಲ್ಯಾಬಿನ ತುಕ್ಕು, ಒರಲೆ (ಗೆದ್ದಲು), ಧರೆ ಕುಸಿತ, ನಮ್ಮ ಕಡೆ ಮನೆಗೆ ಬರೋ ಮುಕ್ಕಾಲು ಕಾಯಿಲೆ ಬರೋದು ನೀರಿಂದಲೇ. ಒಂದು ಪೆನ್ಸಿಲ್, ಒಂದು ಟಾರ್ಚ್, ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಕೋಲು ಇಟ್ಕೊಳ್ಳಿ. ಫೋನಿನ ಕ್ಯಾಮೆರಾ ಹೇಗೂ ಇದ್ದೇ ಇದೆ.

ನಮ್ದು ಹಳೇ ಹಂಚಿನ ಮನೆ. ಮಾಡಿನಲ್ಲಿ ಏನು ನೋಡ್ಬೇಕು?

ಮೊದಲು ಒಳಗಿಂದ ನೋಡಿ, ಮೇಲೆ ಹತ್ತೋ ಅವಸರ ಬೇಡ. ಮಧ್ಯಾಹ್ನ ಅಟ್ಟಕ್ಕೆ ಹೋಗಿ ಲೈಟ್ ಆರಿಸಿ ಐದು ನಿಮಿಷ ಸುಮ್ನೆ ನಿಂತ್ಕೊಳ್ಳಿ. ಒಡೆದ ಹಂಚು, ಜಾರಿದ ಹಂಚು ಎಲ್ಲ ಬೆಳಕಿನ ಚುಕ್ಕಿಯಾಗಿ ತಾನೇ ಕಾಣ್ತದೆ. ಚುಕ್ಕಿ ಇರೋ ಜಾಗದ ರೀಪಿಗೆ (ಹಂಚು ಕೂರೋ ಮರದ ಪಟ್ಟಿಗೆ) ಚಾಕ್‌ನಲ್ಲಿ ಗುರುತು ಹಾಕಿ. ಆಮೇಲೆ ರೀಪು, ಅದನ್ನ ಹೊರೋ ಪಕ್ಕಾಸಿಗೆ ಸ್ಕ್ರೂಡ್ರೈವರ್ ತುದಿ ಒತ್ತಿ. ಗಟ್ಟಿ ಮರಕ್ಕೆ ಅದು ಹೋಗೋದಿಲ್ಲ, ಮೆತ್ತಗೆ ಒಳಗೆ ಇಳೀತು ಅಂದ್ರೆ ಆ ಪಕ್ಕಾಸು ಮುಗೀತು, ಬದಲಾಯಿಸಿ. ಹೆಚ್ಚಾಗಿ ಲಡ್ಡಾಗೋದು ಗೋಡೆ ಮೇಲೆ ಕೂರೋ ತುದಿ, ಯಾಕಂದ್ರೆ ಅಲ್ಲಿ ಗಾಳಿ ಆಡೋದಿಲ್ಲ, ತೇವ ಹಾಗೇ ಉಳೀತದೆ.

ಮೇಲೆ ಹತ್ತೋದು ಅಭ್ಯಾಸ ಇದ್ದವರ ಕೆಲಸ. ಹಾವಸೆ ಹಿಡಿದ ಹಂಚು ಸೋಪಿಗಿಂತ ಜಾರ್ತದೆ ಮಾರಾಯ್ರೆ. ಕಾಲು ಪಕ್ಕಾಸಿನ ನೇರಕ್ಕೆ ಇಡ್ಬೇಕೇ ಹೊರತು ಹಂಚಿನ ನಡುವೆ ಅಲ್ಲ. ಸಿಮೆಂಟ್ ಶೀಟಿನ ಮಾಡಂತೂ ನೋಡೋಕೆ ಗಟ್ಟಿ, ನಡೆದ್ರೆ ನೇರ ಕೆಳಗೆ, ಹಲಗೆ ಹಾಕದೆ ಅದ್ರ ಮೇಲೆ ಹೆಜ್ಜೆ ಇಡ್ಬೇಡಿ. ಅಲ್ಯೂಮಿನಿಯಂ ಏಣಿ ಇಡೋ ಮೊದಲು ಕಂಬದಿಂದ ಬರೋ ಸರ್ವಿಸ್ ವೈರ್ ಎಲ್ಲಿದೆ ನೋಡ್ಕೊಳ್ಳಿ. ಮಾಡಿನ ಮೇಲೆ ಚಾಚಿದ ಹಲಸು, ಮಾವಿನ ಕೊಂಬೆ, ವಾಲಿದ ತೆಂಗು ಇದ್ರೆ ಅದರ ವ್ಯವಸ್ಥೆಯೂ ಮೇ ಒಳಗೇ ಆಗ್ಬೇಕು.

ಆರ್‌ಸಿಸಿ ಮನೆ, ಟೆರೇಸ್ ಮೇಲೆ ಶೀಟ್ ಹಾಕ್ಸಿದೀವಿ. ಇನ್ನೇನು ಭಯ ಇಲ್ಲ ಅಲ್ವಾ?

ಸೋರೋ ಭಯ ಕಮ್ಮಿ, ಹಾರೋ ಭಯ ಜಾಸ್ತಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕದಲ್ಲೇ ಹಾದು ಹೋಯ್ತಲ್ಲ, ಆ ಗಾಳಿ ನೋಡಿದವರಿಗೆ ನಾನು ಬೇರೆ ಹೇಳೋದು ಬೇಡ. ಗಾಳಿ ಶೀಟನ್ನ ಕೆಳಗೆ ಒತ್ತೋದಿಲ್ಲ, ಅಡಿಯಿಂದ ಹೊಕ್ಕು ಮೇಲಕ್ಕೆ ಎತ್ತೋದು. ಹಾಗಾಗಿ ಅಂಚಿನ ಸ್ಕ್ರೂ, ಮೂಲೆ ಸ್ಕ್ರೂ ಮೊದಲು ನೋಡಿ. ಸ್ಕ್ರೂ ತಲೆ ಅಡಿಯ ರಬ್ಬರ್ ವಾಷರ್ ಬಿಸಿಲಿಗೆ ಸೀಳಿ ಹೋಗಿರ್ತದೆ, ಅಲ್ಲಿಂದ ನೀರು ಇಳಿದು ಸ್ಕ್ರೂ ತುಕ್ಕು ಹಿಡೀತದೆ, ಆಮೇಲೊಂದು ದಿನ ಶೀಟ್ ಪಕ್ಕದ ಮನೆ ಅಂಗಳದಲ್ಲಿ. ಕಬ್ಬಿಣದ ಕಂಬ ಸ್ಲ್ಯಾಬಿಗೆ ಕೂರೋ ಬುಡದ ಪ್ಲೇಟ್, ಬೋಲ್ಟೂ ಹಾಗೇ ನೋಡಿ, ಕೋಡಿಬಾಗ, ಬೈತಖೋಲ್ ಥರ ಸಮುದ್ರಕ್ಕೆ ಅಂಟಿದ ಕಡೆ ಅದು ಬೇಗ ಹೋಗ್ತದೆ.

ಶೀಟ್ ಇಲ್ಲದ ಟೆರೇಸ್ ಆದ್ರೆ ಔಟ್‌ಲೆಟ್ ಪೈಪಿನ ಬಾಯಿಯ ಎಲೆ ತೆಗೀರಿ. ಸೋರಿಕೆ ಎಲ್ಲಿ ಅಂತ ಗೊತ್ತಾಗ್ದಿದ್ರೆ ಏಪ್ರಿಲಲ್ಲಿ ಔಟ್‌ಲೆಟ್ ಮುಚ್ಚಿ ಒಂದಿಂಚು ನೀರು ನಿಲ್ಲಿಸಿ ಎರಡು ದಿನ ಬಿಡಿ, ಕೆಳಗೆ ಕಲೆ ಬಂದ ಜಾಗವೇ ಉತ್ತರ. ಒಂದಿಂಚು ನೀರು ಅಂದ್ರೆ ಚದರ ಮೀಟರಿಗೆ 25 ಕೆಜಿ ಭಾರ, ಮೊದಲೇ ಕಂಬಿ ಕಾಣ್ತಿರೋ ಸ್ಲ್ಯಾಬಿಗೆ ಈ ಪರೀಕ್ಷೆ ಬೇಡವೇ ಬೇಡ.

ಸ್ಲ್ಯಾಬಿನ ಅಡಿಯಿಂದ ಸಿಮೆಂಟ್ ಉದುರ್ತಾ ಇದೆ, ಕಂಬಿ ಕಾಣ್ತದೆ. ಪ್ಲಾಸ್ಟರ್ ಮಾಡಿಸಿದ್ರೆ ಸಾಕಾ?

ಸಾಕಾಗೋದಿಲ್ಲ. ಕಾರವಾರದಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು, ಜನ ಅತಿ ಹೆಚ್ಚು ತಪ್ಪು ಉತ್ತರ ಕೊಡೋದೂ ಇದಕ್ಕೇ.

ಆಗೋದೇನು ಅಂದ್ರೆ, ಗಾಳಿಯಲ್ಲಿರೋ ಉಪ್ಪು ನೀರಿನ ಜೊತೆ ಕಾಂಕ್ರೀಟ್ ಒಳಗೆ ಇಳೀತದೆ, ಇಲ್ಲಾ ಕಟ್ಟೋವಾಗಲೇ ಖಾರ್ಲ್ಯಾಂಡ್ (ಉಪ್ಪುನೀರು ನುಗ್ಗೋ ಜಾಗ) ಕಡೆಯ ಉಪ್ಪು ಮರಳು ಹಾಕಿರ್ತಾರೆ. ಉಪ್ಪು ಕಂಬಿಗೆ ಮುಟ್ಟಿದ ಮೇಲೆ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಮೊದಲಿನದಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳ್ತದೆ, ಅಷ್ಟು ಜಾಗ ಒಳಗೆಲ್ಲಿದೆ, ಹಾಗಾಗಿ ಹೊರಗಿನ ಕಾಂಕ್ರೀಟನ್ನೇ ಒದ್ದು ಬೀಳಿಸ್ತದೆ. ನೀವು ಅದ್ರ ಮೇಲೆ ಪ್ಲಾಸ್ಟರ್ ಬಳಿದ್ರೆ ಒಳಗಿನ ತುಕ್ಕು ನಿಲ್ಲೋದಿಲ್ಲ, ಎರಡು ಮಳೆಗಾಲ ಕಳೆದು ಇನ್ನೂ ದೊಡ್ಡ ಹೆಂಟೆ ಬೀಳ್ತದೆ, ಕೆಳಗೆ ಯಾರು ಮಲಗಿರ್ತಾರೋ ಯಾರಿಗೆ ಗೊತ್ತು.

ಪರೀಕ್ಷೆ ನೀವೇ ಮಾಡಬಹುದು. ಕೋಲು ತಗೊಂಡು ಸ್ಲ್ಯಾಬಿನ ಅಡಿಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಟಣ್ ಅಂತದೆ. ಒಳಗೆ ಬಿಟ್ಕೊಂಡಿರೋ ಜಾಗ ಡಬ್ ಡಬ್ ಅಂತದೆ, ಬಲಿತ ಹಲಸಿನಕಾಯಿ ತಟ್ಟಿದ ಹಾಗೆ. ಡಬ್ ಅಂದ ಜಾಗಕ್ಕೆಲ್ಲ ಪೆನ್ಸಿಲಲ್ಲಿ ಸುತ್ತು ಹಾಕಿ, ತಲೆ ಮೇಲೆ ಟವೆಲ್, ಕಣ್ಣಿಗೆ ಕನ್ನಡಕ ಇರ್ಲಿ. ಸುತ್ತುಗಳು ಕಂಬಿಯ ನೇರಕ್ಕೆ ಸಾಲಾಗಿ ಬಂದ್ರೆ, ಕಂದು ಕಲೆ ಇದ್ರೆ, ಆಗ ಸ್ಟ್ರಕ್ಚರಲ್ ಇಂಜಿನಿಯರ್ ಕರೀಲೇಬೇಕು, ಪೇಂಟ್ ಅಂಗಡಿಯವರನ್ನಲ್ಲ. ಸರಿಯಾದ ರಿಪೇರಿ ಅಂದ್ರೆ ಬಿಟ್ಟುಕೊಂಡ ಕಾಂಕ್ರೀಟ್ ಪೂರ್ತಿ ಕೆತ್ತಿ, ಕಂಬಿ ಹಿಂದೆಯೂ ಬಿಡಿಸಿ, ತುಕ್ಕು ತೆಗೆದು, ತೀರಾ ತೆಳ್ಳಗಾದ ಕಂಬಿಗೆ ಹೊಸ ಕಂಬಿ ಸೇರಿಸಿ, ಅದಕ್ಕೆ ಅಂತಲೇ ಬರೋ ಮಾರ್ಟರ್ ತುಂಬೋದು. ಆ ಕೆಲಸ ನಡೆಯೋವಾಗ ಕೆಳಗೆ ಜ್ಯಾಕ್ ಕೊಟ್ಟು ಹಿಡೀಬೇಕು.

ಹೊಸಾ ಮನೆ ಕಟ್ತಾ ಇದ್ರೆ ಒಂದು ಮಾತು. ಭಾರತೀಯ ಮಾನಕ ಐಎಸ್ 456 ಕರಾವಳಿ ವಾತಾವರಣಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟ್, ಕಂಬಿ ಮೇಲೆ 45 ಎಂಎಂ ಕವರ್ (ಕಾಂಕ್ರೀಟಿನ ಹೊದಿಕೆ) ಅಂತ ಹೇಳ್ತದೆ. ಸೈಟಿಗೆ ಹೋಗಿ ಕಂಬಿ ಅಡಿಗೆ ಇಡೋ ಕವರ್ ಬ್ಲಾಕಿಗೆ ಟೇಪ್ ಹಿಡೀರಿ. ಎಷ್ಟೋ ಕಡೆ ಕವರ್ ಬ್ಲಾಕ್ ಬದ್ಲು ಜಲ್ಲಿ ತುಂಡು ಇಟ್ಟಿರ್ತಾರೆ, ಕೇಳಿದ್ರೆ "ಇಲ್ಲೆಲ್ಲಾ ಹೀಗೇ ಮಾಡೋದು ಸಾರ್" ಅಂತಾರೆ.

ಗೋಡೆಲಿ ಬಿರುಕಿದೆ. ಯಾವುದಕ್ಕೆ ಹೆದರ್ಬೇಕು?

ಕೂದಲೆಳೆಯಷ್ಟು, ಜೇಡರ ಬಲೆ ಥರ ಪ್ಲಾಸ್ಟರ್ ಮೇಲಿದ್ರೆ ಬಿಟ್ಟಾಕಿ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು ಒಂದು ತುದಿ ಅಗಲ ಇನ್ನೊಂದು ತುದಿ ಸಪೂರ ಆಗ್ತಾ ಹೋಗೋದು, ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಸಂದಿ ಹಿಡಿದು ಹತ್ತೋದು, ಒಂದು ರೂಪಾಯಿ ನಾಣ್ಯ ಸಿಗಿಸೋಷ್ಟು ಅಗಲ ಇರೋದು, ಇವು ಅಡಿಪಾಯ ಕೂತಿರೋ ಲಕ್ಷಣ. ಬಿರುಕು ಬೆಳೀತಾ ಇದ್ಯಾ ನಿಂತಿದ್ಯಾ ಅನ್ನೋದು ಮುಖ್ಯ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೀರಿ, ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೀರಿ. ಎರಡು ತಿಂಗಳಲ್ಲಿ ಗೆರೆ ದಾಟಿದ್ರೆ ತೋರಿಸಿ. ನಮ್ಮ ಬಚ್ಚಲ ಗೋಡೆ ಮೇಲೆ 2019ರ ಆಗಸ್ಟಿನ ಗೆರೆ ಇನ್ನೂ ಇದೆ, ಬಿರುಕು ಅಲ್ಲೇ ನಿಂತಿದೆ, ಆಯಿ ಮಾತ್ರ ನೆಂಟರು ಬಂದಾಗೆಲ್ಲ ಅಲ್ಲಿ ಟವೆಲ್ ನೇತಾಕ್ತಾಳೆ.

ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ ಬುಡದಲ್ಲಿ ಪ್ರತಿ ವರ್ಷ ತೇವ, ಬಿಳೀ ಪುಡಿ. ಪುಟ್ಟಿ ಹಾಕಿದ್ರೂ ಎದ್ದು ಬರ್ತದೆ.

ಬರ್ತದೆ. ಚಿರೆಕಲ್ಲಿನ ತುಂಬ ತೂತು, ನೆಲದ ನೀರನ್ನ ಬತ್ತಿ ಎಣ್ಣೆ ಎಳೆದ ಹಾಗೆ ಎಳೀತದೆ. ಒಳಗೆ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಬಳಿದ್ರೆ ತೇವಕ್ಕೆ ಹೊರಗೆ ಹೋಗೋ ದಾರಿ ಇಲ್ಲ, ಪದರವನ್ನೇ ತಳ್ಳಿ ಬೀಳಿಸ್ತದೆ. ಮೊದಲು ಹೊರಗೆ ನೋಡಿ. ಅಂಗಳದ ಮಣ್ಣು, ಇಂಟರ್‌ಲಾಕ್ ವರ್ಷ ವರ್ಷ ಏರಿಸಿ ಒಳಗಿನ ನೆಲದ ಮಟ್ಟಕ್ಕೆ ತಂದಿದ್ದೀರಾ? ಸೂರಿನ ನೀರು ಗೋಡೆ ಬುಡಕ್ಕೇ ಬೀಳ್ತಾ ಇದ್ಯಾ? ಅದನ್ನ ಸರಿ ಮಾಡಿ, ಗೋಡೆ ಒಣಗೋಕೆ ಬಿಟ್ಟು, ಪೇಂಟ್ ಕೆಲಸ ಜನವರಿ ಮೇಲೆ ಮಾಡ್ಸಿ. ಹಿಂದಿನವರು ಮಳೆ ಹೊಡೆಯೋ ಕಡೆ ಗೋಡೆಗೆ ತೆಂಗಿನ ಮಡ್ಲು, ಅಡಿಕೆ ಸೋಗೆ ತಟ್ಟಿ ಕಟ್ತಾ ಇದ್ದದ್ದು ಸುಮ್ನೆ ಅಲ್ಲ, ಈಗ ಅದೇ ಕೆಲಸಕ್ಕೆ ಹಸಿರು ನೆಟ್ಟು, ತಾಡಪಾಲು ಬಂದಿದೆ.

ಮಳೇಲಿ ಗೋಡೆ, ನಲ್ಲಿ ಮುಟ್ಟಿದ್ರೆ ಜುಂ ಅಂತದೆ. ಸ್ವಲ್ಪ ತಾನೇ?

ಸ್ವಲ್ಪ ಅಲ್ಲ. ಆ ಕ್ಷಣವೇ ಮೇನ್ ಆಫ್ ಮಾಡಿ ವೈರ್‌ಮ್ಯಾನ್ ಕರೀರಿ.

ನಮ್ಮನೆದೇ ಹೇಳ್ತೆ. ಒಂದು ಜುಲೈಲಿ ಬೆಳಿಗ್ಗೆ ಜಗಲಿ ಗೋಡೆಗೆ ಕೈ ಇಟ್ರೆ ಬೆರಳ ತುದಿಲಿ ಇರುವೆ ಹರಿದ ಹಾಗೆ. ಟೆಸ್ಟರ್ ಹಿಡಿದ್ರೆ ಗೋಡೆ ಮೇಲೇ ದೀಪ ಹತ್ತಿತು. ಮೇನ್ ತೆಗೆದು ಡಿಬಿ ಬಾಕ್ಸಿನ (ಮನೆಗೆಲ್ಲ ಕರೆಂಟ್ ಹಂಚೋ ಪೆಟ್ಟಿಗೆ) ಮುಚ್ಚಳ ಬಿಚ್ಚಿದ್ರೆ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ಬೀಳೋ ಸ್ವಿಚ್) ಸಾಲಿನ ಅಡಿಲಿ ಒಂದು ಲೋಟದಷ್ಟು ನೀರು, ಮೇಲಿನ ಪೈಪಿಂದ ಇನ್ನೂ ಟಪ್ ಟಪ್ ಅಂತ ಬೀಳ್ತಿದೆ, ಒಂದು ವೈರಿನ ತುದಿ ಹಸಿರು ಕಿಲುಬು ಹಿಡಿದು ಉಬ್ಬಿದೆ. ಕಂಬದಿಂದ ಸರ್ವಿಸ್ ವೈರ್ ಇಳಿಯೋ ಪೈಪಿನ ಬಾಯಿ ಆಕಾಶಕ್ಕೆ ತೆರ್ಕೊಂಡಿತ್ತು. ವೈರಿಂಗ್ ಮಾಡಿದವರು ಅಲ್ಲೊಂದು ಬೆಂಡ್ ಹಾಕಿ ಬಾಯಿ ಕೆಳಗೆ ಮಾಡಿರ್ಲಿಲ್ಲ, ಬೆಂಡಿಗೆ ಆಗೋ ದುಡ್ಡು ಒಂದು ಪ್ಲೇಟ್ ಬನ್ಸಿನಷ್ಟೂ ಇರ್ಲಿಲ್ಲ. ನಿಮ್ಮನೆ ಪೈಪಿನ ಬಾಯಿ ಇವತ್ತೇ ಹೊರಗೆ ಹೋಗಿ ನೋಡಿ.

ಎರಡನೇದು ಆರ್‌ಸಿಸಿಬಿ. ಕರೆಂಟ್ ಎಲ್ಲಾದ್ರೂ ಸೋರಿದ್ರೆ ತಾನೇ ಬೀಳೋ ಸ್ವಿಚ್ ಅದು, 30 ಮಿಲಿಆಂಪಿನದ್ದು ಪ್ರತಿ ಮನೇಲಿ ಇರ್ಲೇಬೇಕು. ಎಂಸಿಬಿ ಇದ್ಯಲ್ಲ ಅಂತಾರೆ, ಎಂಸಿಬಿ ಕಾಯೋದು ವೈರನ್ನ, ಆರ್‌ಸಿಸಿಬಿ ಕಾಯೋದು ಮನುಷ್ಯನ್ನ. ಅದರ ಮೇಲೊಂದು ಟಿ ಅಂತ ಬಟನ್ ಇರ್ತದೆ, ತಿಂಗಳಿಗೊಮ್ಮೆ ಒತ್ತಿ, ಟಪ್ ಅಂತ ಬೀಳ್ಬೇಕು. ಬೀಳ್ಲಿಲ್ಲ ಅಂದ್ರೆ ಅದು ಸತ್ತಿದೆ. ಮಳೆಗಾಲದಲ್ಲಿ ಪದೇ ಪದೇ ಬೀಳ್ತದೆ ಅಂತ ಅದನ್ನೇ ಕಿತ್ತು ನೇರ ಜೋಡಿಸಿ ಕೊಡೋ ಪುಣ್ಯಾತ್ಮರೂ ಇದ್ದಾರೆ, ಅಂಥವರನ್ನ ಎರಡನೇ ಸಲ ಕರೀಬೇಡಿ. ಅದು ಬೀಳ್ತಾ ಇದೆ ಅಂದ್ರೆ ಎಲ್ಲೋ ಲೀಕ್ ಇದೆ, ಹುಡುಕ್ಬೇಕು. ಹೊರಗಿನ ಲೈಟು, ಬಾವಿ ಪಂಪು, ಗೀಸರು ಮೊದಲು ಅನುಮಾನಿಸಿ.

ಅರ್ಥಿಂಗ್ ಇದೆ ಅಂತ ಮೇಸ್ತ್ರಿ ಹೇಳಿದ್ರು. ನಂಬೋದಾ?

ತೋರಿಸಿ ಅನ್ನಿ. ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋ ಆ ಅರ್ಥಿಂಗ್ ಗುಂಡಿ ಎಲ್ಲಿದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರೋದಿಲ್ಲ, ಮೇಲೆ ಇಂಟರ್‌ಲಾಕ್ ಬಂದು ಮುಚ್ಚಿ ಹೋಗಿರ್ತದೆ. ನಮ್ಮ ಚಿರೆ ಮಣ್ಣು ಬೇಸಿಗೆಲಿ ಒಣಗಿ ಕಲ್ಲಾದ್ರೆ ಅರ್ಥಿಂಗ್ ಕೆಲಸ ಮಾಡೋದು ಕಮ್ಮಿ, ಹಾಗಾಗಿ ಫೆಬ್ರವರಿಯಿಂದ ಮೇ ತನಕ ವಾರಕ್ಕೆ ಒಂದೆರಡು ಕೊಡ ನೀರು ಹಾಕಿ. ವರ್ಷಕ್ಕೊಮ್ಮೆ ಅರ್ಥ್ ಟೆಸ್ಟರ್ ಇರೋ ವೈರ್‌ಮ್ಯಾನ್ ಹತ್ರ ಅಳತೆ ತೆಗೆಸಿ, 5 ಓಮ್ ಒಳಗೆ ಬಂದ್ರೆ ಒಳ್ಳೇದು. ಸಮುದ್ರದ ಹತ್ರ ಇರೋರು ಗುಂಡಿಯ ಪೈಪು ಮತ್ತು ತಂತಿ ಸೇರೋ ಬೋಲ್ಟ್ ನೋಡಿ, ತುಕ್ಕಲ್ಲಿ ಕಡಿದು ಹೋಗಿರ್ತದೆ.

ಬಟ್ಟೆ ಒಣಗಿಸೋಕೆ ತಂತಿ ಕಟ್ಟಿದೀವಿ, ಪರವಾಗಿಲ್ವಾ?

ನೈಲಾನ್ ಹಗ್ಗ ಕಟ್ಟಿ. ಕಬ್ಬಿಣದ ತಂತಿಯ ಒಂದು ತುದಿ ಶೀಟಿನ ಕಂಬಕ್ಕೆ, ಅದರ ಮೇಲೇ ಬಲ್ಬಿನ ವೈರ್, ಒದ್ದೆ ಬಟ್ಟೆ, ಬರಿಗಾಲು. ಮುಂದಿನದು ನಾನು ಬರೆಯೋದಿಲ್ಲ. ಲೈನ್ ಹರಿದು ಬಿದ್ದಿದ್ರೆ ಹತ್ರ ಹೋಗ್ಬೇಡಿ, ಹೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಸಿಡಿಲಿಗೆ ಏನು ಮಾಡೋದು? ಆರ್‌ಸಿಸಿಬಿ ಇದ್ರೆ ಆಯ್ತಾ?

ಆಗೋದಿಲ್ಲ, ಅದು ಬೇರೆ ಇದು ಬೇರೆ. ಏಪ್ರಿಲ್-ಮೇ ಮತ್ತೆ ಅಕ್ಟೋಬರಿನ ಸಂಜೆ ಗುಡುಗು ಶುರುವಾಗೋಕೆ ಮುಂಚೆ ಟಿವಿ, ಫ್ರಿಜ್ಜು, ವೈಫೈ ಪ್ಲಗ್ ಕಿತ್ತು ಬಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲೋದಿಲ್ಲ. ಡಿಶ್ಶಿನ ಕೇಬಲ್ಲೂ ತೆಗೀರಿ. ಡಿಬಿಗೆ ಸರ್ಜ್ ಪ್ರೊಟೆಕ್ಟರ್ ಅಂತ ಸಿಗ್ತದೆ, ಅರ್ಥಿಂಗ್ ಚೆನ್ನಾಗಿದ್ರೆ ಮಾತ್ರ ಅದರಿಂದ ಉಪಯೋಗ. ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ ಆ್ಯಪ್ ಹಾಕ್ಕೊಂಡ್ರೆ ಸುತ್ತಮುತ್ತ ಸಿಡಿಲು ಬೀಳೋದು ತೋರಿಸ್ತದೆ.

ಗ್ಯಾಸಿನಲ್ಲಿ ಏನೇನು ನೋಡ್ಬೇಕು?

ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಮೇಲೆ ಅವಧಿ ಅಚ್ಚಾಗಿರ್ತದೆ, ಐದು ವರ್ಷಕ್ಕೆ ಬದಲಾಯಿಸಿ, ಇಲಿ ಕಡಿದಿದ್ರೆ ಇವತ್ತೇ. ಸಿಲಿಂಡರ್ ಹಿಡಿಕೆಯ ಒಳಗೆ ಅದರ ಮುಂದಿನ ಪರೀಕ್ಷೆಯ ಗಡುವು ಬಿ-27 ಅಂತೆಲ್ಲ ಬರೆದಿರ್ತದೆ. ಎ ಅಂದ್ರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಉಳಿದದ್ದು, ಪಕ್ಕದ್ದು ವರ್ಷ. ಆ ತಾರೀಖು ದಾಟಿದ ಸಿಲಿಂಡರ್ ಇಳಿಸ್ಕೊಳ್ಬೇಡಿ. ವಾಸನೆ ಬಂದ್ರೆ ಸ್ವಿಚ್ ಹಾಕೋದೂ ಬೇಡ ತೆಗೆಯೋದೂ ಬೇಡ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಿದು ಹೋಗಿ ಪಕ್ಕದ ದೇವರ ಕೋಣೆಯ ದೀಪಕ್ಕೆ ಹತ್ತಬಹುದು. ಲೀಕ್ ನೋಡೋಕೆ ಸೋಪಿನ ನೊರೆ, ಬೆಂಕಿಕಡ್ಡಿ ಅಲ್ಲ.

ಬಚ್ಚಲಲ್ಲಿ ಗ್ಯಾಸ್ ಗೀಸರ್ ಇಟ್ಟವರು ಗಮನಿಸಿ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ತುಂಬ್ತದೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಸ್ನಾನಕ್ಕೆ ಹೋದವರು ಅಲ್ಲೇ ಕುಸೀತಾರೆ. ಗೀಸರನ್ನ ಹೊರಗಿನ ಗೋಡೆಗೆ ಹಾಕ್ಸಿ, ಒಳಗೆ ನೀರಿನ ಪೈಪ್ ಮಾತ್ರ ಬರ್ಲಿ. ಹಂಡೆ ಒಲೆಯವರಿಗೆ ಈ ಭಯ ಕಮ್ಮಿ, ಹೊಗೆ ಹೋಗೋ ದಾರಿ ಇರ್ತದೆ, ಆದ್ರೆ ಒಲೆ ಮೇಲಿನ ಅಟ್ಟದಲ್ಲಿ ಒಣ ಸೋಗೆ, ಅಡಿಕೆ ಸಿಪ್ಪೆ ಪೇರಿಸಿಡ್ಬೇಡಿ.

ಮನೆ ಹಿಂದೆ ಧರೆ ಇದೆ, ಹತ್ತಿಪ್ಪತ್ತು ಅಡಿ. ಇಷ್ಟು ವರ್ಷ ಏನೂ ಆಗಿಲ್ಲ.

"ಇಷ್ಟು ವರ್ಷ ಏನೂ ಆಗಿಲ್ಲ" ಅನ್ನೋ ಮಾತನ್ನ ನಾನು ಕೇಳ್ತಾ ಇರೋದೂ ಇಷ್ಟು ವರ್ಷದಿಂದಲೇ. ಗುಡ್ಡ ಕುಸಿದದ್ದು ಎಣಿಸಿ ನೋಡಿ: 2009ರ ಅಕ್ಟೋಬರಲ್ಲಿ ಕಾರವಾರದ ಕಡವಾಡ, 2021ರ ಜುಲೈಲಿ ಯಲ್ಲಾಪುರದ ಕಳಚೆ, 2022ರ ಆಗಸ್ಟಲ್ಲಿ ಭಟ್ಕಳದ ಮುಟ್ಟಳ್ಳಿ, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು. ಶಿರೂರಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಬಿದ್ದದ್ದಷ್ಟೇ ಅಲ್ಲ, ಗಂಗಾವಳಿ ಹೊಳೆಗೆ ನುಗ್ಗಿ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಹೊಡೀತು. ಅಂದ್ರೆ ಗುಡ್ಡದ ಬುಡದಲ್ಲಿ ನಾವಿಲ್ಲ ಅಂತ ನಿಶ್ಚಿಂತೆಯಿಂದ ಇರೋ ಹಾಗೂ ಇಲ್ಲ.

ನಮ್ಮ ಕಡೆ ಧರೆಯನ್ನ ಕಡಿದು ನೋಡಿದ್ರೆ ಮೇಲೆ ಗಟ್ಟಿ ಚಿರೆ, ಅದರ ಅಡಿ ಬಿಳಿ-ಹಳದಿ ಶೇಡಿ ಮಣ್ಣು. ಒಣಗಿದಾಗ ಶೇಡಿ ಪಿಕಾಸಿಗೂ ಜಗ್ಗೋದಿಲ್ಲ, ನೀರು ಕುಡಿದ್ರೆ ದೋಸೆ ಹಿಟ್ಟು. ಮನೆಗೆ ಜಾಗ ಬೇಕು ಅಂತ ಜೆಸಿಬಿ ತಂದು ನೆಟ್ಟಗೆ ಕಡಿದು ಬಿಟ್ರೆ ಮೇಲಿನ ಚಿರೆ ಭಾರ ಪೂರ್ತಿ ಆ ಹಿಟ್ಟಿನ ಮೇಲೆ.

ಮಳೆ ಮೊದಲು ಧರೆಯ ತಲೆಗೆ ಹತ್ತಿ ನೋಡಿ, ಹೊಸದಾಗಿ ಬಾಯಿ ಬಿಟ್ಟ ಸೀಳು ಇದ್ಯಾ, ಮರ, ಕಂಬ, ಬೇಲಿ ವಾಲಿದ್ಯಾ ಅಂತ. ಸೀಳಿದ್ರೆ ಮಣ್ಣು ತುಂಬಿ ತಾಡಪಾಲು ಹೊದಿಸಿ, ನೀರು ಒಳಗೆ ಇಳೀಬಾರ್ದು. ಧರೆ ತಲೇಲಿ ಅಡ್ಡ ಕಾಲುವೆ ತೆಗೆದು ನೀರನ್ನ ಪಕ್ಕಕ್ಕೆ ತಿರುಗಿಸಿ. ಇಂಗುಗುಂಡಿ ಒಳ್ಳೇದೇ, ಆದ್ರೆ ಧರೆ ಮೇಲ್ಗಡೆ ತೋಡಬೇಡಿ. ಪಿಚ್ಚಿಂಗ್ ಗೋಡೆ (ಧರೆಗೆ ಆಸರೆಯ ಕಲ್ಲುಗೋಡೆ) ಕಟ್ಟಿಸಿದ್ರೆ ಅದರ ನೀರಿನ ತೂತುಗಳಿಗೆ ಕೋಲು ಹಾಕಿ ಬಿಡಿಸಿ, ತೂತು ಕಟ್ಟಿದ ಗೋಡೆ ಹಿಂದೆ ನೀರು ನಿಂತು ಗೋಡೆಯನ್ನೇ ತಳ್ತದೆ.

ಮಳೇಲಿ ಇವು ಕಂಡ್ರೆ ಸಾಮಾನು ಎಣಿಸ್ತಾ ಕೂರದೆ ಎದ್ದು ಹೋಗಿ: ಧರೆಯಿಂದ ಒಸರೋ ನೀರು ಒಮ್ಮೆಗೇ ಕೆಂಪಾಗೋದು, ಇಷ್ಟು ದಿನ ಬರ್ತಿದ್ದ ಒರತೆ ಫಕ್ಕನೆ ನಿಲ್ಲೋದು, ಬಾಗಿಲು ಕಿಟಕಿ ಇದ್ದಕ್ಕಿದ್ದ ಹಾಗೆ ಬಿಗಿಯಾಗೋದು, ಸಣ್ಣ ಕಲ್ಲು ಉದುರೋ ಸದ್ದು. ಧರೆ ಕಡೆಯ ಕೋಣೇಲಿ ಆಷಾಢ, ಶ್ರಾವಣದಲ್ಲಿ ಯಾರನ್ನೂ ಮಲಗಿಸ್ಬೇಡಿ. ಜಿಲ್ಲಾ ಕಂಟ್ರೋಲ್ ರೂಮ್ 1077, ತುರ್ತಿಗೆ 112.

ಹೊಳೆ ಪಕ್ಕದ ಮನೆ. ನೆರೆ ನೀರು ಬಂದ್ರೆ?

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಪಕ್ಕದವರು ನನಗಿಂತ ಚೆನ್ನಾಗಿ ಬಲ್ಲಿರಿ. ಆದ್ರೂ, ನೀರು ಅಂಗಳಕ್ಕೆ ಬರೋ ಮೊದಲೇ ಮೇನ್ ಆಫ್ ಮಾಡಿ, ನೀರಲ್ಲಿ ನಿಂತು ಮುಟ್ಟಬೇಡಿ. ಸಿಲಿಂಡರ್ ತೇಲಿ ಹೋಗ್ತದೆ, ರೆಗ್ಯುಲೇಟರ್ ತೆಗೆದು ಕಟ್ಟಿ ಹಾಕಿ. ನೀರು ಇಳಿದ ಮೇಲೆ ಮುಳುಗಿದ್ದ ಡಿಬಿ, ಪಂಪು ವೈರ್‌ಮ್ಯಾನ್ ನೋಡದೆ ಚಾಲೂ ಮಾಡೋದು ಬೇಡ.

ಬಾವಿ ನೀರು, ಸೆಪ್ಟಿಕ್ ಟ್ಯಾಂಕ್ ಬಗ್ಗೆ?

ಬಾವಿಗೂ ಶೌಚದ ಗುಂಡಿಗೂ ಕನಿಷ್ಠ 50 ಅಡಿ ಅಂತರ ಅಂತಾರೆ, ಚಿರೆ ನೆಲದಲ್ಲಿ ಸಂದಿ ಜಾಸ್ತಿ, ಇನ್ನೂ ದೂರ ಇದ್ರೆ ಚಲೋ. ಬ್ಲೀಚಿಂಗ್ ಪೌಡರ್ 1000 ಲೀಟರಿಗೆ 2.5 ಗ್ರಾಂ. ಎರಡೂವರೆ ಮೀಟರ್ ಅಗಲದ ಬಾವಿಲಿ ಮೂರು ಮೀಟರ್ ನೀರಿದ್ರೆ ಹೆಚ್ಚುಕಮ್ಮಿ 14,700 ಲೀಟರ್, ಅದಕ್ಕೆ 37 ಗ್ರಾಂ. ಬಕೆಟಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿ ಮಾತ್ರ ಬಾವಿಗೆ ಬಿಟ್ಟು ಒಂದು ತಾಸಾದ್ರೂ ಕಾಯಿರಿ. ಬಾವಿ ಕಟ್ಟೆ ಸೊಂಟದೆತ್ತರ ಇರ್ಲಿ, ಮೇಲೆ ಬಲೆ ಇರ್ಲಿ, ಮಕ್ಕಳಿರೋ ಮನೆಗಂತೂ ಕಡ್ಡಾಯ.

ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ ಇಳಿಸ್ಬೇಡಿ, ಕೂಲಿಗೆ ಬರ್ತೆ ಅಂದ್ರೂ ಬೇಡ, ಕಾನೂನಿನ ಪ್ರಕಾರವೂ ಅಪರಾಧ. ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ. ಬಹಳ ದಿನ ಮುಚ್ಚಿಟ್ಟ ಬಾವಿಯೂ ಹಾಗೇ, ಒಬ್ಬರು ಬಿದ್ರು ಅಂತ ಇನ್ನೊಬ್ಬರು ಇಳಿದು ಇಬ್ಬರೂ ಹೋದದ್ದು ಎಷ್ಟು ಸಲ ಪೇಪರಲ್ಲಿ ಓದಿಲ್ಲ ನಾವು.

ಒರಲೆ ಹಿಡಿದಿದೆ.

ಗೋಡೆ ಮೇಲಿನ ಮಣ್ಣಿನ ಗೆರೆ ಗುಡಿಸಿ ಒರೆಸಿದ್ರೆ ಒರಲೆ ಹೋಗೋದಿಲ್ಲ, ಗೂಡು ನೆಲದಲ್ಲಿದೆ. ಗೆರೆಯನ್ನ ಒಂದು ಕಡೆ ಮುರಿದು ಎರಡು ದಿನ ಬಿಟ್ಟು ನೋಡಿ, ಮತ್ತೆ ಕಟ್ಟಿದ್ರೆ ಜೀವಂತ ಇದೆ ಅಂತ ಅರ್ಥ. ಚೌಕಟ್ಟು, ಮೆತ್ತಿನ (ಮಹಡಿಯ) ಹಲಗೆ, ಗೋಡೆಗೆ ಒರಗಿಸಿಟ್ಟ ಕಟ್ಟಿಗೆ ಮೊದಲು ನೋಡಿ, ಕಟ್ಟಿಗೆ ಗೋಡೆಯಿಂದ ದೂರ ಸರಿಸಿ. ಅದೇ ಕಟ್ಟಿಗೆ ರಾಶಿ ಹಾವಿಗೂ ಮನೆ. ಹಾವು ಬಂದ್ರೆ ಹೊಡೆಯೋದು ಬೇಡ, ಮಕ್ಕಳು, ನಾಯಿ ಒಳಗೆ ಹಾಕಿ ದೂರದಿಂದ ನೋಡ್ತಾ ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದ್ರೆ ಕಟ್ಟೋದು, ಕೊಯ್ಯೋದು ಏನೂ ಮಾಡದೆ 108.

ನಾವಿರೋದು ಬೆಂಗಳೂರಲ್ಲಿ. ಶಿರಸಿ ಹತ್ರದ ಮನೆಗೆ ಬೀಗ ಹಾಕಿದೆ.

ಈಗ ಘಟ್ಟದ ಮೇಲೆ ಇಂಥ ಮನೆಯೇ ಜಾಸ್ತಿ ಆಗ್ತಾ ಬಂತು, ಬೇಜಾರಿನ ವಿಷಯ. ಮನೆ ಹಾಳಾಗೋದು ಮಳೆಗಿಂತ ಗಾಳಿ ಆಡದೆ. ಪಕ್ಕದ ಮನೆ ಅತ್ತಿಗೆಗೋ ಭಾವನಿಗೋ ಕೀಲಿ ಕೊಟ್ಟು ಹದಿನೈದು ದಿನಕ್ಕೊಮ್ಮೆ ಎಲ್ಲಾ ಬಾಗಿಲು ತೆಗೆಸಿ ಒಂದು ಒಲೆ ಹೊಗೆ ಹಾಕಿಸಿ, ಹಳೇ ಮಾಡಿನ ಮರ ಉಳಿದದ್ದೇ ಹೊಗೆಯಿಂದ. ಮೇನ್ ಆಫ್, ಸಿಲಿಂಡರ್ ಹೊರಗೆ, ಟ್ಯಾಂಕ್ ಖಾಲಿ. ಮತ್ತೆ ಆ ಕೀಲಿ ಇಟ್ಕೊಂಡವರಿಗೆ ವರ್ಷಕ್ಕೊಂದು ಸೀರೆನೋ ಪಂಚೆನೋ ಕೊಡಿ, ಬರೀ ಥ್ಯಾಂಕ್ಸ್ ಮೆಸೇಜಲ್ಲಿ ಮುಗಿಸ್ಬೇಡಿ.

ಹಳೇ ಮನೆ ತಗೊಳ್ಳೋಕೆ ಹೊರಟಿದೀವಿ. ಯಾವಾಗ ನೋಡೋದು?

ಜುಲೈಲಿ. ಮಾರೋರು ಫೆಬ್ರವರಿಲಿ ಹೊಸಾ ಪೇಂಟ್ ಹೊಡೆದು ತೋರಿಸ್ತಾರೆ, ಚಂದ ಕಾಣ್ತದೆ. ಬೇಸಿಗೆಲೇ ನೋಡ್ಬೇಕು ಅಂತಾದ್ರೆ ಕಪಾಟು ಸರಿಸಿ ಹಿಂದೆ ನೋಡಿ, ಬಾಡಿಗೆಗಿದ್ದವರನ್ನ ಮಾತಾಡ್ಸಿ, ಮತ್ತೆ ಒಂದೇ ಗೋಡೆಗೆ ಮಾತ್ರ ಯಾಕೆ ಹೊಸ ಬಣ್ಣ ಅಂತ ಕೇಳಿ.

ಮನೆಗೆ ವಿಮೆ ಇದ್ಯಾ? ಧರೆ ಕುಸಿದ್ರೆ ಕೊಡ್ತಾರಾ?

ಇದೆ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅಂತ ಒಂದೇ ನಮೂನೆಯ ಪಾಲಿಸಿ ಬಂದಿದೆ, ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ ಎಲ್ಲ ಅದರಲ್ಲಿ ಸೇರ್ತದೆ. ಹಳತಾಗಿ ಸವೆದದ್ದು, ತುಕ್ಕು ಹಿಡಿದದ್ದು, ನಿರ್ವಹಣೆ ಇಲ್ಲದೆ ಬಿದ್ದದ್ದು ಸೇರೋದಿಲ್ಲ. ಅದಕ್ಕೇ ಮೇ ತಿಂಗಳಲ್ಲಿ ಮನೆ ಸುತ್ತೋವಾಗ ಪ್ರತಿ ಗೋಡೆ, ಮಾಡು, ಧರೆ, ಡಿಬಿ ಫೋಟೋ ತೆಗೆದು ರಿಪೇರಿ ಬಿಲ್ಲಿನ ಜೊತೆ ಮಕ್ಕಳ ಫೋನಿಗೂ ಒಂದು ಕಳಿಸಿಡಿ, ನಿಮ್ಮ ಫೋನ್ ನೆರೇಲಿ ಹೋದ್ರೆ ಅವರ ಹತ್ರ ಇರ್ತದೆ.